ಮಂಗಳ ಗ್ರಹದ ನೆಲೆಯಲ್ಲಿ ಹದಿನೇಳನೆಯವನು ಸತ್ತರೆ, ಸತ್ತದ್ದು ಯಾರು?

ಹಳ್ಳಿ ಮಾಸ್ತರು, ಶಿರಸಿ ತಾಲೂಕು

ಮಾನ್ಯರೇ,

ನಮ್ಮ ಪ್ರೌಢಶಾಲೆಯಲ್ಲಿ ವರ್ಷಕ್ಕೊಮ್ಮೆ ಹೊರತರುವ ಕೈಬರಹದ ಪತ್ರಿಕೆಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಕಥೆ ಬರೆದುಕೊಟ್ಟಿದ್ದಾಳೆ. ಕಥೆಯ ಹೂರಣ ಇಷ್ಟು. ಮಂಗಳ ಗ್ರಹದ ನೆಲದಡಿಯ ಒಂದು ವಸಾಹತಿನಲ್ಲಿ ನಲವತ್ತು ಮಂದಿ ಇದ್ದಾರೆ. ಎಲ್ಲರೂ ಒಬ್ಬನೇ ಎಂಜಿನಿಯರನ ಜೀವಕೋಶಗಳಿಂದ ಹುಟ್ಟಿದ ತದ್ರೂಪಿಗಳು. ಅವರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ ಇದೆ. ಒಳಗಿನ ಗಾಳಿ ಸೋರಿಹೋಗದಂತೆ ತಡೆಯುವ ಹೊರಬಾಗಿಲಿನ ಗಾಳಿಕೋಣೆಯನ್ನು ರಿಪೇರಿ ಮಾಡುವಾಗ ಹದಿನೇಳನೆಯವನು ಸಾಯುತ್ತಾನೆ. ಮೇಲಧಿಕಾರಿ ಆ ಸಾವನ್ನು ದಾಖಲಿಸುವುದಿಲ್ಲ. 'ಹದಿನೇಳು ತಾತ್ಕಾಲಿಕವಾಗಿ ಲಭ್ಯವಿಲ್ಲ' ಎಂದು ಬರೆದು, ಹೊಸ ತದ್ರೂಪಿಯನ್ನು ತಯಾರಿಸಲು ಆಜ್ಞೆ ಕೊಡುತ್ತಾನೆ. ಕೆಲವೇ ದಿನಗಳಲ್ಲಿ ಹೊಸ ಹದಿನೇಳು ಬಂದು ಸತ್ತವನ ಹಾಸಿಗೆಯಲ್ಲಿ ಮಲಗುತ್ತಾನೆ, ಅವನ ತಟ್ಟೆಯಲ್ಲೇ ಉಣ್ಣುತ್ತಾನೆ. ಇಪ್ಪತ್ತಮೂರನೆಯವನು ಮಾತ್ರ ಹಾಸಿಗೆಯ ಪಕ್ಕದ ಗೋಡೆಯಲ್ಲಿ ಯಾರೋ ಉಗುರಿನಿಂದ ಗೀರಿದ ಗೆರೆಗಳನ್ನು ತೋರಿಸಿ, 'ಇದನ್ನು ಗೀರಿದವನು ನೀನಲ್ಲ' ಎನ್ನುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಶಿಕ್ಷಕರ ಕೋಣೆಯಲ್ಲಿ ಇದರ ಮೇಲೆ ಎರಡು ಪಕ್ಷಗಳಾದವು. ವಂಶವಾಹಿಗಳು ಒಂದೇ ಆಗಿದ್ದ ಮೇಲೆ ಸಮೀಕರಣದ ಎರಡು ಬದಿಗಳೂ ಸಮ, ಆದ್ದರಿಂದ ಯಾರೂ ಸತ್ತಿಲ್ಲ ಎಂಬುದು ಗಣಿತದ ಮಾಸ್ತರರ ವಾದ. ಹಾಗಾದರೆ ಗೋಡೆಯ ಗೆರೆಯನ್ನು ಯಾವ ಬದಿಗೆ ಬರೆಯುತ್ತೀರಿ ಎಂದು ಕನ್ನಡದ ಅಕ್ಕೋರು ಕೇಳಿದರು. ಮುಖ್ಯೋಪಾಧ್ಯಾಯರಿಗೆ ಇಂಥ ಕಥೆ ಮಕ್ಕಳಿಗೆ ಬೇಕೇ ಎಂಬ ಅನುಮಾನ. ಕಥೆಯನ್ನು ಪತ್ರಿಕೆಗೆ ಹಾಕುವುದು ನಿಶ್ಚಯವಾಗಿದೆ, ಆ ಬಗ್ಗೆ ಸಲಹೆ ಬೇಡ. ನನಗೆ ತಿಳಿಯಬೇಕಾದದ್ದು ಬೇರೆ. ಈ ಹುಡುಗಿ ಕಲ್ಪಿಸಿದ್ದರಲ್ಲಿ ವಿಜ್ಞಾನ ಒಪ್ಪುವುದು ಎಷ್ಟು? ಒಬ್ಬನದೇ ನಲವತ್ತು ತದ್ರೂಪಿಗಳಿಂದ ಒಂದು ವಸಾಹತು ಬದುಕಿ ಉಳಿದೀತೇ? ಸತ್ತ ಹದಿನೇಳನೆಯವನನ್ನು ಬೇರೆಯೇ ಒಬ್ಬ ವ್ಯಕ್ತಿ ಎಂದು ಒಪ್ಪಿಕೊಳ್ಳಲು ಭಾವನೆಯ ಹೊರತು ಬೇರೆ ಆಧಾರವಿದೆಯೇ? ಬಲ್ಲವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಅಘನಾಶಿನಿ, ಕುಮಟಾ

ಮಾಸ್ತರೇ, ನಾನು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. 'ಕೆಲವೇ ದಿನಗಳಲ್ಲಿ ಹೊಸ ಹದಿನೇಳು ಬಂದ' ಎಂಬ ವಾಕ್ಯವನ್ನೇ ಮೊದಲು ಹಿಡಿಯುತ್ತೇನೆ, ಏಕೆಂದರೆ ಉಳಿದ ತೊಡಕುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟಿವೆ. ಅಂಡಾಣುವೊಂದರ ಸ್ವಂತ ಕೋಶಕೇಂದ್ರವನ್ನು ತೆಗೆದುಹಾಕಿ, ಆ ಜಾಗದಲ್ಲಿ ದಾನಿಯ ದೇಹದ ಜೀವಕೋಶದ ಕೋಶಕೇಂದ್ರವನ್ನು ಸೇರಿಸಿ, ಅದು ವಿಭಜನೆಗೊಳ್ಳುವಂತೆ ಪ್ರಚೋದಿಸಿ, ಹಾಗೆ ಉಂಟಾದ ಭ್ರೂಣವನ್ನು ಗರ್ಭಕೋಶದಲ್ಲಿ ಇಟ್ಟು ಬೆಳೆಸುವುದೇ ತದ್ರೂಪಿ ಸೃಷ್ಟಿಯ ವಿಧಾನ. ಹುಟ್ಟುವುದು ಮಗು. ಆ ಮಗು ಗಾಳಿಕೋಣೆಯನ್ನು ರಿಪೇರಿ ಮಾಡುವಷ್ಟು ದೊಡ್ಡವನಾಗಲು ಉಳಿದೆಲ್ಲ ಮಕ್ಕಳಿಗೆ ಬೇಕಾದಷ್ಟೇ ವರ್ಷಗಳು ಬೇಕು. ಆದ್ದರಿಂದ ಹೊಸ ಹದಿನೇಳು ಹಳೆಯವನ ಬದಲಿಯಾಗಿ ಬರಲಾರ. ಬಂದರೆ ಅವನಿಗಿಂತ ಒಂದು ತಲೆಮಾರು ಕಿರಿಯನಾಗಿ ಬರುತ್ತಾನೆ.

ಎರಡನೆಯದಾಗಿ, ಇದು ಸುಲಭವಾಗಿ ಕೈಗೂಡುವ ಕೆಲಸವಲ್ಲ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಡಾಲಿ ಎಂಬ ಕುರಿ ಹುಟ್ಟಿದ್ದು 277 ಅಂಡಾಣುಗಳಲ್ಲಿ ನಡೆದ ಪ್ರಯತ್ನಗಳ ಪೈಕಿ ಒಂದೇ ಒಂದು ಫಲಿಸಿದ್ದರಿಂದ. ನಮ್ಮ ದೇಶದಲ್ಲಿ ಕರ್ನಾಲ್‌ನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆ 2009ರಲ್ಲಿ ಎಮ್ಮೆಯ ತದ್ರೂಪಿ ಕರುವನ್ನು ಪಡೆಯಿತಾದರೂ ಮೊದಲನೆಯದು ಕೆಲವೇ ದಿನಗಳಲ್ಲಿ ಸತ್ತುಹೋಯಿತು. ಆಮೇಲೆ ಬಂದ ಗರಿಮಾ ಬದುಕಿತು. ಚೀನಾದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಎರಡು ಮಂಗಗಳ ಪ್ರಯೋಗದಲ್ಲಿ 79 ಭ್ರೂಣಗಳನ್ನು 21 ಹೆಣ್ಣು ಮಂಗಗಳ ಗರ್ಭದಲ್ಲಿ ಇಟ್ಟಾಗ ಎರಡೇ ಮರಿಗಳು ಜೀವಂತ ಹುಟ್ಟಿದವು, ಅವೂ ಹುಟ್ಟದ ಭ್ರೂಣದ ಜೀವಕೋಶದಿಂದ ಬಂದವು. ವಯಸ್ಕ ಮಂಗದ ಜೀವಕೋಶದಿಂದ ಬಂದ ಮರಿಗಳು ಬದುಕಲಿಲ್ಲ. ಮನುಷ್ಯನ ತದ್ರೂಪಿ ಹುಟ್ಟಿದ್ದಕ್ಕೆ ಇದುವರೆಗೆ ನಂಬಬಹುದಾದ ಪುರಾವೆ ಇಲ್ಲ.

ಈ ಅಂಕಿಗಳನ್ನು ಓದುವಾಗ ನನಗೆ ಎದ್ದು ಕಾಣುವುದು ಕಥೆಯಲ್ಲಿ ಇಲ್ಲದವರು. ನಲವತ್ತು ಗಂಡಸರು ಹುಟ್ಟಬೇಕಾದರೆ ನೂರಾರು, ಪ್ರಾಯಶಃ ಸಾವಿರಾರು ಅಂಡಾಣುಗಳನ್ನು ಯಾರೋ ಹೆಂಗಸರು ಕೊಟ್ಟಿರಬೇಕು, ಎಷ್ಟೋ ಗರ್ಭಪಾತಗಳನ್ನು ಅನುಭವಿಸಿರಬೇಕು, ನಲವತ್ತು ಹೆರಿಗೆಗಳಾಗಿರಬೇಕು. ಅವರು ಎಲ್ಲಿದ್ದಾರೆ? ಕೃತಕ ಗರ್ಭಕೋಶದಲ್ಲಿ ಬೆಳೆಸಿದರೆಂದು ಹೇಳಬಹುದು, ಕಥೆಗಾರರೆಲ್ಲ ಹಾಗೆಯೇ ದಾಟಿಕೊಳ್ಳುತ್ತಾರೆ. ಆದರೆ 2017ರಲ್ಲಿ ಫಿಲಡೆಲ್ಫಿಯಾದಲ್ಲಿ ದ್ರವ ತುಂಬಿದ ಚೀಲದೊಳಗೆ ಕುರಿಮರಿಗಳನ್ನು ಉಳಿಸಿದ್ದು ಸುಮಾರು ನಾಲ್ಕು ವಾರ ಮಾತ್ರ, ಅದೂ ತಾಯಿಯ ಗರ್ಭದಲ್ಲಿ ಬಹುಭಾಗ ಬೆಳೆದಿದ್ದ ಮರಿಗಳನ್ನು. ನಿಮ್ಮ ವಿದ್ಯಾರ್ಥಿನಿಗೆ ನಾನು ಒಂದೇ ತಿದ್ದುಪಡಿ ಸೂಚಿಸುವುದಾದರೆ, ಆ ಹೆಂಗಸರನ್ನು ಕಥೆಯೊಳಗೆ ಕರೆದುಕೊಂಡು ಬಾ ಎಂದು ಹೇಳುತ್ತೇನೆ.

ಇನ್ನು ಸಮೀಕರಣದ ಮಾತು. ವಂಶವಾಹಿಗಳು ಒಂದೇ ಎಂಬುದೇ ಪೂರ್ತಿ ನಿಜವಲ್ಲ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಲ್ಲಿರುವ 37 ವಂಶವಾಹಿಗಳು ಬಹುಮಟ್ಟಿಗೆ ಅಂಡಾಣು ಕೊಟ್ಟವಳಿಂದ ಬರುತ್ತವೆ, ದಾನಿಯಿಂದಲ್ಲ. 2001ರ ಕೊನೆಯಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕಿನ ಮೈಬಣ್ಣವೇ ದಾನಿ ಬೆಕ್ಕಿನಂತಿರಲಿಲ್ಲ. ದಾನಿಗೆ ಕಪ್ಪು, ಕಿತ್ತಳೆ, ಬಿಳಿ ಮೂರೂ ಬಣ್ಣ, ಮರಿಯಲ್ಲಿ ಕಿತ್ತಳೆ ಕಾಣಲೇ ಇಲ್ಲ. ಹೆಣ್ಣಿನ ಎರಡು ಎಕ್ಸ್ ವರ್ಣತಂತುಗಳಲ್ಲಿ ಯಾವುದು ಮೌನವಾಗುತ್ತದೆ ಎಂಬುದು ಒಂದೊಂದು ಕೋಶದಲ್ಲಿ ಒಂದೊಂದು ರೀತಿ ತೀರ್ಮಾನವಾಗುವುದರಿಂದ ಹೀಗಾಗುತ್ತದೆ. ಪ್ರಕೃತಿಯೇ ಹುಟ್ಟಿಸುವ ತದ್ರೂಪಿಗಳಾದ ಏಕರೂಪಿ ಅವಳಿಗಳ ಬೆರಳಚ್ಚುಗಳೂ ಬೇರೆ ಬೇರೆ. ಅವಳಿಗಳಲ್ಲಿ ಒಬ್ಬ ತೀರಿಕೊಂಡರೆ ಇನ್ನೊಬ್ಬ ಉಳಿದಿದ್ದಾನಲ್ಲ, ಆದ್ದರಿಂದ ಯಾರೂ ಸತ್ತಿಲ್ಲ ಎಂದು ಅವರ ತಾಯಿಯ ಎದುರು ಹೇಳುವವರು ನಮ್ಮೂರಿನಲ್ಲಂತೂ ಇಲ್ಲ.

ಚಂಡೆಮದ್ದಳೆ, ಹೊನ್ನಾವರ

ಯಾರಾದರೂ ಬಂದು ಕೌರವರೇ ಮೊದಲ ತದ್ರೂಪಿಗಳು ಎಂದು ಬರೆಯುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪುರಾಣದಲ್ಲಿ ಪ್ರಯೋಗಾಲಯವನ್ನು ಹುಡುಕುವ ಚಟ ನನಗಿಲ್ಲ. ಆದರೆ ತಾಳಮದ್ದಳೆಯಲ್ಲಿ ಅರ್ಥ ಹೇಳುವವನಾಗಿ ಒಂದು ಸಂಗತಿ ಗಮನಿಸಿದ್ದೇನೆ. ಗಾಂಧಾರಿಯ ಒಂದೇ ಮಾಂಸಪಿಂಡದಿಂದ ನೂರು ಮಂದಿ ಬಂದರೂ ಮಹಾಭಾರತ ಅವರನ್ನು ಸಂಖ್ಯೆಯಿಂದ ಕರೆಯದೆ ಒಬ್ಬೊಬ್ಬರಿಗೂ ಹೆಸರಿಟ್ಟಿದೆ. ದ್ಯೂತಸಭೆಯಲ್ಲಿ ಹಿರಿಯರೆಲ್ಲ ತಲೆತಗ್ಗಿಸಿ ಕುಳಿತಾಗ ದ್ರೌಪದಿಯ ಪರವಾಗಿ ಎದ್ದುನಿಂತ ವಿಕರ್ಣನೂ ಅದೇ ಪಿಂಡದವನೇ. ಅವನನ್ನು ದುಶ್ಶಾಸನನ ಬದಲಿಗೆ ಕೂರಿಸಿ ಪ್ರಸಂಗ ನಡೆಸಲು ಯಾವ ಭಾಗವತರಿಗೂ ಆಗುವುದಿಲ್ಲ. ಈ ಕಥೆಯ ಇಪ್ಪತ್ತಮೂರನೆಯವನನ್ನು ಓದಿದಾಗ ನನಗೆ ನೆನಪಾದದ್ದು ವಿಕರ್ಣ.

ಕಸಿಕಡ್ಡಿ, ಸಿದ್ದಾಪುರ

ನಾನು ತೋಟಿಗ, ಜೊತೆಗೆ ಅಪ್ಪೆಮಿಡಿಯ ಕಸಿ ಮಾಡುತ್ತೇನೆ. ಹೊಳೆಯಂಚಿನ ಹಳೆಯ ಅಪ್ಪೆ ಮರಗಳು ಒಂದೊಂದಾಗಿ ಉರುಳುತ್ತಿರುವುದರಿಂದ, ಜೀರಿಗೆ ಪರಿಮಳದ್ದೋ ಉದ್ದ ಮಿಡಿಯದ್ದೋ ಒಳ್ಳೆಯ ಮರ ಕಂಡರೆ ಅದರ ಕಡ್ಡಿ ತಂದು ಉಳಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಓಟೆಯಿಂದ ಎಬ್ಬಿಸಿದ ಕಾಟುಮಾವಿನ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳಿ, ಬೆಣೆಯಂತೆ ಕೆತ್ತಿದ ಕಸಿಕಡ್ಡಿಯನ್ನು ಆ ಸೀಳಿನಲ್ಲಿ ಎರಡರ ತೊಗಟೆಯೂ ಒಂದಕ್ಕೊಂದು ತಾಗುವಂತೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೆ ಸಣ್ಣ ಕೊಟ್ಟೆ ಮುಚ್ಚುತ್ತೇವೆ. ಕೊಟ್ಟೆಯೊಳಗೆ ತಾಮ್ರದ ಬಣ್ಣದ ಚಿಗುರು ಕಾಣಿಸಿತೆಂದರೆ ಕಸಿ ಹಿಡಿಯಿತು. ಹೀಗೆ ಒಂದೇ ಮರದಿಂದ ಬಂದ ಗಿಡಗಳೆಲ್ಲ ಆ ಮರದ ತದ್ರೂಪಿಗಳೇ, ಅದರಲ್ಲಿ ಅನುಮಾನವಿಲ್ಲ. ಆದರೂ ನಮ್ಮಲ್ಲಿ ಗದ್ದೆಯಂಚಿಗೆ ನೆಟ್ಟದ್ದು ಒಂದು ರೀತಿ ಕಾಯುತ್ತದೆ, ಬೆಟ್ಟದ ಒಣನೆಲದ್ದು ಇನ್ನೊಂದು ರೀತಿ. ತಾಯಿಮರ ಬಿದ್ದ ದಿನ ಅದು ಬಿದ್ದಿಲ್ಲವೆಂದು ಯಾವ ತೋಟಿಗನೂ ಹೇಳುವುದಿಲ್ಲ, ಮನೆಯಲ್ಲಿ ಅದರದೇ ಹತ್ತು ಕಸಿಗಿಡಗಳಿದ್ದರೂ ಹೇಳುವುದಿಲ್ಲ.

ಗುರುತಿನ ಪ್ರಶ್ನೆ ನನಗೆ ಇಷ್ಟರಲ್ಲೇ ಮುಗಿಯಿತು. ಹೆದರಿಕೆ ಹುಟ್ಟಿಸುವುದು ಉಳಿವಿನ ಪ್ರಶ್ನೆ. ಒಂದು ಕಾಲಕ್ಕೆ ಜಗತ್ತಿನ ವ್ಯಾಪಾರವನ್ನೆಲ್ಲ ಆಳಿದ್ದ ಗ್ರೋ ಮಿಷೆಲ್ ಎಂಬ ಬಾಳೆಯನ್ನು ಪನಾಮಾ ಸೊರಗು ರೋಗ 1950ರ ದಶಕದ ಹೊತ್ತಿಗೆ ವಾಣಿಜ್ಯ ತೋಟಗಳಿಂದ ಹೊರಹಾಕಿತು. ಕಂದಿನಿಂದ ಕಂದು ಕಿತ್ತು ನೆಟ್ಟ ಒಂದೇ ತಳಿಯಾದ್ದರಿಂದ ಒಂದು ಗಿಡಕ್ಕೆ ತಡೆಯಲಾಗದ ಶಿಲೀಂಧ್ರವನ್ನು ಯಾವ ಗಿಡವೂ ತಡೆಯಲಿಲ್ಲ. ಅದರ ಜಾಗಕ್ಕೆ ಬಂದ ಕ್ಯಾವೆಂಡಿಶ್ ಕೂಡ ಅಂಥದೇ. ನಮ್ಮವರು ಅಂಗಾಂಶ ಕೃಷಿಯ ಸಸಿ ತಂದು ನೆಡುವ ಜಿ-9 ಆ ಗುಂಪಿನದು. ಈಗ ಅದೇ ಶಿಲೀಂಧ್ರದ ಹೊಸ ಬಗೆ ಅದನ್ನೂ ಹಿಡಿದಿದೆ, ಬಿಹಾರ ಮತ್ತು ಉತ್ತರ ಪ್ರದೇಶದ ತೋಟಗಳವರೆಗೂ ಬಂದಿದೆ. ಹಾಗಿರುವಾಗ ಮುಚ್ಚಿದ ಕೋಣೆಗಳಲ್ಲಿ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತ ಬದುಕುವ ನಲವತ್ತು ಮಂದಿಗೆ ರೋಗನಿರೋಧಕ ಶಕ್ತಿಯೂ ಒಂದೇ ಅಚ್ಚಿನದಾಗಿದ್ದರೆ, ಮೊದಲನೆಯವನನ್ನು ಮಲಗಿಸಿದ ಜ್ವರ ನಲವತ್ತನೆಯವನಲ್ಲಿ ಎಡವಿ ಬೀಳಲು ಕಾರಣವೇ ಇರುವುದಿಲ್ಲ. ಸಾಲದ್ದಕ್ಕೆ ಎಲ್ಲರೂ ಗಂಡಸರು. ಯಂತ್ರ ಕೆಟ್ಟು ನಿಂತರೆ ವಂಶವೂ ಅಲ್ಲಿಗೇ ನಿಂತಿತು. ಬುದ್ಧಿಯಿರುವ ಯಾವ ತೋಟಿಗನೂ ಹೀಗೆ ತೋಟ ಹಾಕುವುದಿಲ್ಲ.

ಕಾಳಿದಂಡೆ, ಕಾರವಾರ

ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ ವಿಕಿರಣ ಸುರಕ್ಷತೆಯ ಕೆಲಸ ಮಾಡಿ ನಿವೃತ್ತನಾದವನು ನಾನು. ಭಾವನೆಯ ಹೊರತು ಬೇರೆ ಆಧಾರವಿದೆಯೇ ಎಂಬ ಮಾಸ್ತರರ ಕೊನೆಯ ಪ್ರಶ್ನೆಗೆ ನನ್ನ ಕಸುಬಿನೊಳಗೇ ಉತ್ತರವಿದೆ, ಅದನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ.

ವಿಕಿರಣದ ಪ್ರದೇಶಕ್ಕೆ ಹೋಗುವ ಪ್ರತಿಯೊಬ್ಬನೂ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತಾನೆ. ಅದರ ಒಳಗೆ ಸಣ್ಣ ಲೋಹದ ಪಟ್ಟಿಯ ಮೇಲೆ ಮೂರು ಬಿಳಿ ಬಿಲ್ಲೆಗಳಿರುತ್ತವೆ, ಎರಡರ ಎದುರಿಗೆ ವಿಕಿರಣವನ್ನು ಸೋಸುವ ಬೇರೆ ಬೇರೆ ಶೋಧಕ, ಮೂರನೆಯದರ ಎದುರು ತೆರೆದೇ ಇರುತ್ತದೆ. ಮೈಮೇಲೆ ಬಿದ್ದ ವಿಕಿರಣದ ಶಕ್ತಿಯಲ್ಲಿ ಸ್ವಲ್ಪ ಆ ಬಿಲ್ಲೆಗಳಲ್ಲಿ ಉಳಿದಿರುತ್ತದೆ. ನಿಗದಿತ ಅವಧಿಯ ನಂತರ ಅವನ್ನು ಕಾಯಿಸಿದಾಗ ಹೊರಡುವ ಬೆಳಕನ್ನು ಅಳೆದು, ಆ ಮನುಷ್ಯ ಎಷ್ಟು ವಿಕಿರಣ ತೆಗೆದುಕೊಂಡನೆಂದು ಅವನ ಹೆಸರಿನ ಮುಂದೆ ಬರೆಯುತ್ತಾರೆ. ಒಬ್ಬನ ಬ್ಯಾಡ್ಜನ್ನು ಇನ್ನೊಬ್ಬ ಹಾಕಿಕೊಳ್ಳುವುದು ದೊಡ್ಡ ತಪ್ಪು, ಅಣ್ಣತಮ್ಮಂದಿರಾದರೂ ಸರಿಯೇ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹ ತೆಗೆದುಕೊಂಡ ವಿಕಿರಣವನ್ನು ಅಳೆಯುವ ಮಾನ) ಮೀರಬಾರದು, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಮಿತಿ ಮುಟ್ಟಿದವನನ್ನು ಆ ಕೆಲಸದಿಂದ ಹಿಂದಕ್ಕೆ ಕರೆಯುತ್ತಾರೆ.

ಈಗ ಮಂಗಳಕ್ಕೆ ಹೋಗೋಣ. 2012ರಲ್ಲಿ ಅಲ್ಲಿ ಇಳಿದ ಕ್ಯೂರಿಯಾಸಿಟಿ ಗಾಡಿಯ ಉಪಕರಣ ನೆಲದ ಮೇಲೆ ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್ ವಿಕಿರಣವನ್ನು ಅಳೆಯಿತು. ನಮ್ಮ ಒಂದು ವರ್ಷಕ್ಕೆ ಲೆಕ್ಕ ಹಾಕಿದರೆ 240ರ ಮೇಲಾಗುತ್ತದೆ, ಅಂದರೆ ನಮ್ಮ ಸರಾಸರಿ ಮಿತಿಯ ಹನ್ನೆರಡು ಪಟ್ಟು. ಭೂಮಿಗಿರುವಂಥ ದಟ್ಟ ವಾತಾವರಣವಾಗಲಿ ಇಡೀ ಗ್ರಹವನ್ನು ಆವರಿಸುವ ಕಾಂತಕ್ಷೇತ್ರವಾಗಲಿ ಅಲ್ಲಿ ಇಲ್ಲದ್ದೇ ಇದಕ್ಕೆ ಕಾರಣ. ಹುಡುಗಿ ತನ್ನ ವಸಾಹತನ್ನು ನೆಲದಡಿಗೆ ಹಾಕಿದ್ದು ಜಾಣತನ, ಕೆಲವು ಮೀಟರ್ ಮಣ್ಣು ಮೇಲಿದ್ದರೆ ವಿಕಿರಣ ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ಗಾಳಿಕೋಣೆಯನ್ನು ರಿಪೇರಿ ಮಾಡುವವನು ಮತ್ತೆ ಮತ್ತೆ ಹೊರಗೆ ಹೋಗಲೇಬೇಕು. ಹತ್ತು ವರ್ಷ ಹೊರಗೆ ದುಡಿದ ಹದಿನೇಳನೆಯವನ ದೇಹವೂ ಹತ್ತು ವರ್ಷ ಒಳಗೆ ಅಡುಗೆ ಮಾಡಿದ ಇಪ್ಪತ್ತಮೂರನೆಯವನ ದೇಹವೂ, ಹುಟ್ಟಿದಾಗ ಎಷ್ಟೇ ಒಂದಾಗಿದ್ದರೂ, ಆಮೇಲೆ ಒಂದಾಗಿ ಉಳಿಯುವುದಿಲ್ಲ. ನಾಸಾ ಸಂಸ್ಥೆ ಏಕರೂಪಿ ಅವಳಿಗಳಾದ ಸ್ಕಾಟ್ ಕೆಲಿ ಮತ್ತು ಮಾರ್ಕ್ ಕೆಲಿಯವರಲ್ಲಿ ಇದನ್ನೇ ಹೋಲಿಸಿ ನೋಡಿತು. ಸ್ಕಾಟ್ 340 ದಿನ ಬಾಹ್ಯಾಕಾಶ ನಿಲ್ದಾಣದಲ್ಲಿದ್ದರು, ಮಾರ್ಕ್ ಭೂಮಿಯಲ್ಲೇ ಇದ್ದರು. ಸ್ಕಾಟ್ ಅವರ ವರ್ಣತಂತುಗಳ ತುದಿಯ ಉದ್ದದಲ್ಲಿ, ವಂಶವಾಹಿಗಳು ಕೆಲಸ ಮಾಡುವ ರೀತಿಯಲ್ಲಿ ಬದಲಾವಣೆಗಳು ಕಂಡವೆಂದು 2019ರಲ್ಲಿ ಪ್ರಕಟವಾಯಿತು. ಹೆಚ್ಚಿನವು ಹಿಂತಿರುಗಿದ ಮೇಲೆ ಸರಿಹೋದವು, ಎಲ್ಲವೂ ಅಲ್ಲ.

ಇಲ್ಲಿಗೆ ಬಂದಾಗ ಕಥೆಯ ಮೇಲಧಿಕಾರಿಯ ಲೆಕ್ಕಾಚಾರ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಅವನು ಸಾವನ್ನು ದಾಖಲಿಸದೆ ಬಿಟ್ಟದ್ದು ತತ್ತ್ವಜ್ಞಾನದ ಗೊಂದಲದಿಂದಲ್ಲ. ಹಳೆಯ ಸಂಖ್ಯೆಗೆ ಹೊಸ ದೇಹ ಬಂದರೆ ವಿಕಿರಣದ ಪುಸ್ತಕ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಮಿತಿ ಮೀರಿದವನೇ ಇಲ್ಲ, ಅಪಘಾತವೇ ಇಲ್ಲ, ಯಾರೂ ಉತ್ತರ ಕೊಡಬೇಕಾಗಿಲ್ಲ. ಗಣಿತದ ಮಾಸ್ತರರಿಗೆ ನನ್ನ ವಿನಂತಿ ಇಷ್ಟೇ: ಎರಡು ಬದಿ ಸಮವೆಂದು ಬರೆಯುವ ಮೊದಲು ಇಬ್ಬರ ಬ್ಯಾಡ್ಜ್‌ಗಳನ್ನೂ ಓದಿಸಿ ನೋಡಲಿ.

ಕಸಿಕಡ್ಡಿಯವರು ಹೇಳಿದ ಒಂದೇ ಅಚ್ಚಿನ ಅಪಾಯ ವಿಕಿರಣಕ್ಕೂ ಅನ್ವಯಿಸುತ್ತದೆ. ದಾನಿಯ ವಂಶವಾಹಿಯಲ್ಲಿ ಹಾನಿಯನ್ನು ದುರಸ್ತಿ ಮಾಡುವ ಶಕ್ತಿ ಹುಟ್ಟಿನಿಂದಲೇ ಕಡಿಮೆಯಿದ್ದರೆ ನಲವತ್ತು ಮಂದಿಗೂ ಅದೇ ಕೊರತೆ ಇರುತ್ತದೆ.

ಕೋಡಿಬಾಗ ವಕೀಲರು, ಕಾರವಾರ

ಕಾಳಿದಂಡೆಯವರು ಹೇಳಿದ ಪುಸ್ತಕಕ್ಕೆ ನಮ್ಮ ಕಾನೂನಿನಲ್ಲಿ ಜೋಡಿಯೊಂದಿದೆ. 1969ರ ಜನನ ಮರಣ ನೋಂದಣಿ ಅಧಿನಿಯಮ ಸತ್ತವನ ವಂಶವಾಹಿಯನ್ನು ಕೇಳುವುದಿಲ್ಲ. ಹುಟ್ಟಿದವನು ಸತ್ತರೆ 21 ದಿನಗಳೊಳಗೆ ತಿಳಿಸಬೇಕು, ಅಷ್ಟೇ. ಹುಟ್ಟು ಪ್ರತ್ಯೇಕವಾಗಿದ್ದರೆ ಸಾವೂ ಪ್ರತ್ಯೇಕ. ಆಧಾರ್‌ನ ದೃಷ್ಟಿಯಿಂದಲೂ ತೊಡಕಿಲ್ಲ, ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ರೇಖೆಗಳು ಏಕರೂಪಿ ಅವಳಿಗಳಲ್ಲೂ ಬೇರೆ ಬೇರೆಯೇ ಆಗಿರುವುದರಿಂದ ನಲವತ್ತು ಮಂದಿಗೆ ನಲವತ್ತು ಸಂಖ್ಯೆಗಳು ಸಿಗುತ್ತವೆ.

ಮಂಗಳದಲ್ಲಿ ಯಾವ ದೇಶದ ಕಾನೂನು ನಡೆಯುತ್ತದೆ ಎಂದು ಯಾರಾದರೂ ಕೇಳಿಯಾರು. 1967ರ ಬಾಹ್ಯಾಕಾಶ ಒಪ್ಪಂದದಂತೆ ಆಕಾಶಕಾಯಗಳ ಮೇಲೆ ಯಾವ ದೇಶವೂ ಒಡೆತನ ಸಾಧಿಸುವಂತಿಲ್ಲ. ಆದರೆ ಹಾರಿಸಿದ ನೌಕೆಯನ್ನು ನೋಂದಾಯಿಸಿಕೊಂಡ ದೇಶಕ್ಕೆ ಆ ನೌಕೆಯ ಮೇಲೂ ಅದರಲ್ಲಿರುವ ಸಿಬ್ಬಂದಿಯ ಮೇಲೂ ಅಧಿಕಾರ ಉಳಿದಿರುತ್ತದೆ. ಅಲ್ಲಿಯೇ ಹುಟ್ಟಿದ ಮಗು ಸಿಬ್ಬಂದಿಯೇ, ಸರಕೇ, ಪ್ರಜೆಯೇ? ಒಪ್ಪಂದ ಬರೆದವರು ಅಷ್ಟು ದೂರ ಯೋಚಿಸಿರಲಿಲ್ಲ. ನಮ್ಮ 1955ರ ಪೌರತ್ವ ಅಧಿನಿಯಮ ನೋಂದಾಯಿತ ಹಡಗಿನಲ್ಲೋ ವಿಮಾನದಲ್ಲೋ ಹುಟ್ಟಿದವರನ್ನು ಆ ಹಡಗು ಅಥವಾ ವಿಮಾನ ನೋಂದಾಯಿತವಾದ ದೇಶದಲ್ಲಿ ಹುಟ್ಟಿದವರೆಂದು ಪರಿಗಣಿಸುತ್ತದೆ. ಬಾಹ್ಯಾಕಾಶ ನೌಕೆಯ ಮಾತು ಅದರಲ್ಲಿಲ್ಲ. ವಾದಿಸಲು ಸಂತೋಷವಾಗುವಂಥ ಪ್ರಕರಣ, ಆದರೆ ಕಾರವಾರದ ನ್ಯಾಯಾಲಯಕ್ಕೆ ಅದು ಸದ್ಯಕ್ಕೆ ಬರಲಾರದು.

ತದ್ರೂಪಿಯನ್ನು ಹುಟ್ಟಿಸುವುದನ್ನೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ನಿಷೇಧಿಸಿದೆ. ವಿಶ್ವಸಂಸ್ಥೆಯ ಮಹಾಸಭೆ 2005ರಲ್ಲಿ ಮಾನವ ತದ್ರೂಪಿ ಸೃಷ್ಟಿಯ ವಿರುದ್ಧ ಘೋಷಣೆಯೊಂದನ್ನು 84 ಮತಗಳಿಂದ ಒಪ್ಪಿಕೊಂಡಿತು, 34 ದೇಶಗಳು ವಿರೋಧಿಸಿದವು. ಆ ಘೋಷಣೆ ಯಾವ ದೇಶವನ್ನೂ ಕಟ್ಟಿಹಾಕುವಂಥದಲ್ಲ. ಆದರೆ ಹುಟ್ಟಿಸುವುದು ನಿಷಿದ್ಧವಾದ ಮಾತ್ರಕ್ಕೆ ಹುಟ್ಟಿದವನು ಅಪರಾಧಿಯಾಗುವುದಿಲ್ಲ. ಸಂವಿಧಾನದ 21ನೆಯ ವಿಧಿ 'ಯಾವುದೇ ವ್ಯಕ್ತಿ' ಎನ್ನುತ್ತದೆಯೇ ಹೊರತು ಅವನು ಹೇಗೆ ಹುಟ್ಟಿದನೆಂದು ವಿಚಾರಿಸುವುದಿಲ್ಲ, 23ನೆಯ ವಿಧಿ ಬಲವಂತದ ದುಡಿಮೆಯನ್ನು ತಡೆಯುತ್ತದೆ. ನನ್ನ ಮಟ್ಟಿಗೆ ಈ ಕಥೆಯ ತಿರುಳು ಇರುವುದು ಅಲ್ಲಿ. ಆ ನಲವತ್ತು ಮಂದಿಯನ್ನು ಒಂದು ಕೆಲಸಕ್ಕಾಗಿ ಹುಟ್ಟಿಸಲಾಗಿದೆ, ಒಲ್ಲೆನೆಂದು ಹೊರಟುಹೋಗಲು ಹೊರಗೆ ಉಸಿರಾಡುವ ಗಾಳಿಯೂ ಇಲ್ಲ. ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಗಳ ಸಿದ್ದಿ ಸಮುದಾಯದವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದರು. ತಂದವರ ಲೆಕ್ಕದಲ್ಲಿ ಅವರೂ ತಲೆಗಳ ಸಂಖ್ಯೆಯೇ ಆಗಿದ್ದರು. ಗೋವೆಯಿಂದ ತಪ್ಪಿಸಿಕೊಂಡು ಬಂದವರಿಗೆ ಇಲ್ಲಿ ಕಾಡಾದರೂ ಇತ್ತು. ಹದಿನೇಳನೆಯವನಿಗೆ ಅದೂ ಇಲ್ಲ.

ಕೋಟಿತೀರ್ಥ, ಗೋಕರ್ಣ

ಶ್ರಾದ್ಧದ ಸಂಕಲ್ಪದಲ್ಲಿ ಗೋತ್ರವನ್ನೂ ಹೆಸರನ್ನೂ ಹೇಳಲೇಬೇಕು. ಗೋತ್ರ ತಿಳಿಯದಿದ್ದರೆ ಕಾಶ್ಯಪ ಗೋತ್ರವೆಂದು ಹೇಳುವ ಕ್ರಮ ಇದೆ, ಆದ್ದರಿಂದ ಅಲ್ಲಿ ಕೆಲಸ ನಿಲ್ಲುವುದಿಲ್ಲ. ಸಂಖ್ಯೆ ಹೇಳಿ ಪಿಂಡ ಇಟ್ಟದ್ದನ್ನು ಮಾತ್ರ ನಾನು ಕಂಡಿಲ್ಲ. ಕರ್ತೃ ಯಾರು ಎಂದು ಕೇಳಿದರೆ, ಮಕ್ಕಳಿಲ್ಲದವನಿಗೆ ತಮ್ಮನೋ ಅಣ್ಣನೋ ಮಾಡಬಹುದು. ಒಂದೇ ವಂಶವಾಹಿಯವರನ್ನು ಸಹೋದರರೆಂದು ಒಪ್ಪುವುದಾದರೆ ಇಪ್ಪತ್ತಮೂರನೆಯವನಿಗೆ ಆ ಅಧಿಕಾರ ಉಂಟು. ಅವನು ಮೊದಲು ಸತ್ತವನಿಗೊಂದು ಹೆಸರಿಡಲಿ.

ಹಳ್ಳಿ ಮಾಸ್ತರು, ಶಿರಸಿ ತಾಲೂಕು

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಹುಡುಗಿಗೂ ಓದಿಸಿದೆ. ಹೊಸ ಹದಿನೇಳು ಮಗುವಾಗಿ ಬರಬೇಕೆಂಬುದನ್ನು ಅವಳು ಕೂಡಲೇ ಒಪ್ಪಿಕೊಂಡಳು, ಆದರೆ ಎರಡು ಪ್ರಶ್ನೆಗಳನ್ನು ನನ್ನ ಮುಂದಿಟ್ಟಳು. ಆ ಮಗುವನ್ನು ಸಾಕುವ ಮೂವತ್ತೊಂಬತ್ತು ಮಂದಿ ಅದಕ್ಕೆ ಏನಾಗುತ್ತಾರೆ, ಅಪ್ಪಂದಿರೋ ಅಣ್ಣಂದಿರೋ? ಒಬ್ಬನ ಬದಲು ಹಲವು ಮಂದಿಯ ತದ್ರೂಪಿಗಳನ್ನು ಕಳಿಸಿದರೆ ವಸಾಹತು ಉಳಿಯುತ್ತದೆಯೇ? ಅಘನಾಶಿನಿ ಅಕ್ಕೋರೇ, ಇದಕ್ಕೂ ತಾವೇ ಉತ್ತರಿಸಬೇಕು.

ಅಘನಾಶಿನಿ, ಕುಮಟಾ

ಮಾಸ್ತರೇ, ಎರಡನೆಯದನ್ನು ಮೊದಲು ಮುಗಿಸುತ್ತೇನೆ. ವಂಶ ಸಂರಕ್ಷಣೆಯವರಲ್ಲಿ 1980ರಿಂದ ಒಂದು ಸ್ಥೂಲ ಲೆಕ್ಕ ಬಳಕೆಯಲ್ಲಿದೆ. ಸಂತಾನ ಪಡೆಯುವ ಐವತ್ತು ಜೀವಿಗಳಾದರೂ ಇಲ್ಲದಿದ್ದರೆ ಒಳಸಂಬಂಧದ ದೋಷ ಬೇಗ ಕಾಣಿಸಿಕೊಳ್ಳುತ್ತದೆ, ದೀರ್ಘಕಾಲ ಹೊಸ ಪರಿಸ್ಥಿತಿಗಳಿಗೆ ಹೊಂದಿಕೊಂಡು ಉಳಿಯಲು ಐನೂರಾದರೂ ಬೇಕು ಎಂಬುದು ಅದರ ಸಾರ. ಈ ಅಂಕಿಗಳೂ ಕಡಿಮೆಯೆಂದು ವಾದಿಸುವವರಿದ್ದಾರೆ. ಅಲ್ಲಿಗೆ ಇನ್ನೂರು ಮುನ್ನೂರು ಬೇರೆ ಬೇರೆ ಗಂಡಸರು ಮತ್ತು ಹೆಂಗಸರ ಜೀವಕೋಶಗಳನ್ನು ಒಯ್ದರೆ ಸಾಧ್ಯವಾದೀತು ಎನ್ನಬಹುದು; ಆದರೆ ಅಷ್ಟು ವೈವಿಧ್ಯ ಒಯ್ಯುವುದಾದರೆ ತದ್ರೂಪಿಗಳೇ ಏಕೆ? ಹೆಪ್ಪುಗಟ್ಟಿಸಿದ ವೀರ್ಯವನ್ನೂ ಅಂಡಾಣುಗಳನ್ನೂ ಒಯ್ದರೆ ಪ್ರತಿ ಮಗುವೂ ಹೊಸ ಮಿಶ್ರಣವಾಗಿ ಹುಟ್ಟುತ್ತದೆ, ರೋಗದ ಎದುರು ಅದೇ ವಿಮೆ. ಜಪಾನಿನ ತೆರುಹಿಕೊ ವಾಕಯಾಮಾ ಅವರ ತಂಡ ಒಣಗಿಸಿದ ಇಲಿವೀರ್ಯವನ್ನು ಬಾಹ್ಯಾಕಾಶ ನಿಲ್ದಾಣದಲ್ಲಿ ಸುಮಾರು ಆರು ವರ್ಷ ಇಟ್ಟು ಭೂಮಿಗೆ ತಂದು ಆರೋಗ್ಯವಂತ ಮರಿಗಳನ್ನು ಪಡೆದಿದೆ. ಅದೇ ತಂಡ 2023ರಲ್ಲಿ ಇಲಿಯ ಭ್ರೂಣಗಳು ನಿಲ್ದಾಣದಲ್ಲಿ ಕೆಲವು ದಿನ ಸರಿಯಾಗಿ ಬೆಳೆದದ್ದನ್ನೂ ವರದಿ ಮಾಡಿತು. ಗರ್ಭ ಕಟ್ಟುವುದರಿಂದ ಹೆರಿಗೆಯವರೆಗೆ ಎಲ್ಲವೂ ಬಾಹ್ಯಾಕಾಶದಲ್ಲೇ ನಡೆದ ಸಸ್ತನಿ ಒಂದೂ ಇಲ್ಲ. ಭೂಮಿಯ ಶೇಕಡಾ 38ರಷ್ಟು ಗುರುತ್ವವಿರುವ ಮಂಗಳದಲ್ಲಿ ಮಗುವಿನ ಎಲುಬು ಹೇಗೆ ಬೆಳೆದೀತು ಎಂಬುದನ್ನು ನೋಡಿದವರೂ ಇಲ್ಲ.

ತದ್ರೂಪಿಯೇ ಬೇಕೆಂದು ಹಟ ಹಿಡಿಯಲು ಉಳಿಯುವ ಕಾರಣ ಒಂದೇ, ಒಳ್ಳೆಯ ಎಂಜಿನಿಯರನೇ ಮತ್ತೆ ಮತ್ತೆ ಸಿಗಲಿ ಎಂಬ ಆಸೆ. ಅದು ಈಡೇರುವುದಿಲ್ಲ. ಗಾಳಿಕೋಣೆಯ ಸೀಲು ಬದಲಿಸುವ ವಿದ್ಯೆ ವಂಶವಾಹಿಯಲ್ಲಿ ಇಳಿದು ಬರುವುದಿಲ್ಲ, ಕಲಿಸಬೇಕಾಗುತ್ತದೆ, ಕಲಿಯುವವನಿಗೆ ಮನಸ್ಸಿರಬೇಕಾಗುತ್ತದೆ. ಖಚಿತವಾಗಿ ಬರುವುದು ಇನ್ನೊಂದಿದೆ, ಅಂಗಾಂಗಗಳ ಹೊಂದಿಕೆ. 1954ರಲ್ಲಿ ಬಾಸ್ಟನ್ನಿನಲ್ಲಿ ಮೂತ್ರಪಿಂಡದ ಕಸಿ ಮೊದಲ ಬಾರಿ ದೀರ್ಘಕಾಲ ಯಶಸ್ವಿಯಾದದ್ದು ಏಕರೂಪಿ ಅವಳಿಗಳ ನಡುವೆ, ಏಕೆಂದರೆ ಒಬ್ಬನ ದೇಹ ಇನ್ನೊಬ್ಬನ ಅಂಗವನ್ನು ಪರಕೀಯವೆಂದು ತಳ್ಳಲಿಲ್ಲ. ಆ ನಲವತ್ತು ಮಂದಿಯಲ್ಲಿ ಪ್ರತಿಯೊಬ್ಬನೂ ಉಳಿದೆಲ್ಲರಿಗೂ ಹೊಂದುವ ದಾನಿ. ಅಪಘಾತವಾದಾಗ ಇದು ಜೀವ ಉಳಿಸುವ ಭಾಗ್ಯ; ಕಥೆಯಲ್ಲಿರುವಂಥ ಮೇಲಧಿಕಾರಿಯ ಕೈಯಲ್ಲಿ ಇದೇ ಎಲ್ಲಕ್ಕಿಂತ ಭಯಂಕರವಾದದ್ದು.

ಮೊದಲ ಪ್ರಶ್ನೆಗೆ ಸಂಬಂಧದ ಹೆಸರು ಹುಡುಕಿಕೊಡಲು ನನ್ನಿಂದ ಆಗದು. ವಂಶವಾಹಿಯ ಲೆಕ್ಕದಲ್ಲಿ ಅವರು ಅವಳಿ ಅಣ್ಣಂದಿರು, ಸಾಕುವುದರ ಲೆಕ್ಕದಲ್ಲಿ ಅಪ್ಪಂದಿರು. ಆದರೆ ಬೇರೆ ಯಾವ ಅಪ್ಪನಿಗೂ ಇಲ್ಲದ ಒಂದು ತಿಳಿವಳಿಕೆ ಇವರಲ್ಲಿರುತ್ತದೆ. ಮಗುವಿಗೆ ಯಾವ ವಯಸ್ಸಿನಲ್ಲಿ ಕೂದಲು ಉದುರಲು ತೊಡಗೀತು, ಸಕ್ಕರೆ ಕಾಯಿಲೆ ಬರುವ ಸಂಭವ ಎಷ್ಟು ಎಂಬುದನ್ನು ತಮ್ಮ ಮೈಯಲ್ಲೇ ಕಂಡವರು ಅವರು. ಹಾನ್ಸ್ ಯೋನಾಸ್ ಎಂಬ ತತ್ತ್ವಜ್ಞಾನಿ 1970ರ ದಶಕದಲ್ಲೇ ತದ್ರೂಪಿಯ ವಿಷಯದಲ್ಲಿ ತನ್ನ ಬಗ್ಗೆ ತಿಳಿಯದೆ ಇರುವ ಹಕ್ಕಿನ ಮಾತನ್ನು ಎತ್ತಿದ್ದರು. ಮುಂದೆ ತಾನು ಏನಾಗುವೆನೆಂದು ಇತರರು ಮೊದಲೇ ಬಲ್ಲರು ಎಂಬ ನಂಬಿಕೆಯೇ, ಅದು ಸುಳ್ಳಾಗಿದ್ದರೂ, ಬೆಳೆಯುವವನ ಕಾಲು ಕಟ್ಟುತ್ತದೆ ಎಂಬುದು ಅವರ ವಾದ. ನನ್ನ ತರಗತಿಯಲ್ಲಿ ಅಣ್ಣನ ಅಂಕಗಳ ಜೊತೆ ತೂಗಿಸಿಕೊಳ್ಳುತ್ತಲೇ ಬೆಳೆದ ತಮ್ಮಂದಿರನ್ನು ನೋಡುತ್ತಿರುತ್ತೇನೆ, ಆದ್ದರಿಂದ ಆ ವಾದವನ್ನು ಅರ್ಥಮಾಡಿಕೊಳ್ಳಲು ನನಗೆ ಕಷ್ಟವಾಗಲಿಲ್ಲ. ಹುಡುಗಿ ಕಥೆಯನ್ನು ಮುಂದುವರಿಸುವುದಾದರೆ ಆ ಮಗುವಿನ ಎದುರು ಇಪ್ಪತ್ತಮೂರನೆಯವನು ಏನನ್ನು ಹೇಳುತ್ತಾನೆ, ಏನನ್ನು ಹೇಳದೆ ಉಳಿಸಿಕೊಳ್ಳುತ್ತಾನೆ ಎಂಬುದನ್ನು ಬರೆಯಲಿ.

ಅವಳನ್ನು ಒಂದು ಶನಿವಾರ ಕುಮಟೆಗೆ ಕರೆದುಕೊಂಡು ಬನ್ನಿ. ಜಾನ್ ಗರ್ಡನ್ 1962ರಲ್ಲಿ ಪ್ರಕಟಿಸಿದ ಕೋಶಕೇಂದ್ರ ವರ್ಗಾವಣೆಯ ಪ್ರಯೋಗ ನಡೆದದ್ದು ಕಪ್ಪೆಯ ಮೊಟ್ಟೆಗಳಲ್ಲಿ. ಕಪ್ಪೆಯ ಭ್ರೂಣ ಎರಡಾಗಿ, ನಾಲ್ಕಾಗಿ, ಎಂಟಾಗಿ ಸೀಳಿಕೊಳ್ಳುವ ಹಂತಗಳ ಸ್ಲೈಡುಗಳು ನಮ್ಮ ಪ್ರಯೋಗಾಲಯದಲ್ಲಿವೆ. ಮಧ್ಯಾಹ್ನದ ಮೊದಲು ಬಂದರೆ ಸೂಕ್ಷ್ಮದರ್ಶಕಗಳು ಬಿಡುವಾಗಿರುತ್ತವೆ.